ತೊರಕೆ (ಸ್ಟಿಂಗ್‌ರೇ) ಮತ್ತು ಸ್ಕೇಟ್ ಒಂದೇ ಮೀನೇ? ಗುರುತಿಸುವುದು ಹೇಗೆ?

ಒಂದೇ ಅಲ್ಲ, ದಾಯಾದಿಗಳು. ಎರಡೂ ಬಟಾಯ್ಡಿಯ ಎಂಬ, ಹೆಚ್ಚಾಗಿ ಚಪ್ಪಟೆ ದೇಹದ ಮೀನುಗಳ ಗುಂಪಿನವು. ಶಾರ್ಕ್‌ಗಳಂತೆ ಮೃದ್ವಸ್ಥಿಯ ಅಸ್ಥಿಪಂಜರ, ಆದರೆ ಕಿವಿರಿನ ಸೀಳುಗಳು ಪಕ್ಕದಲ್ಲಿರದೆ ಹೊಟ್ಟೆಯ ಕಡೆ ಇರುತ್ತವೆ. ಗರಗಸ ಮೀನು ಶಾರ್ಕ್‌ನಂತೆ ಕಂಡರೂ ಈ ಗುಂಪಿಗೇ ಸೇರುವುದು ಇದರಿಂದಲೇ.

ಮೊದಲು ಬಾಲ ನೋಡಿ. ಸ್ಕೇಟ್‌ನದು ದಪ್ಪ; ತುದಿಯ ಬಳಿ ಸಾಮಾನ್ಯವಾಗಿ ಎರಡು ಪುಟ್ಟ ರೆಕ್ಕೆಗಳು, ವಿಷದ ಮುಳ್ಳಿಲ್ಲ. ತೊರಕೆಯದು ಚಾಟಿಯಂಥದ್ದು, ಮೇಲೆ ಗರಗಸದಂಚಿನ ವಿಷಮುಳ್ಳು. ಆದರೆ ಬಾಲವೊಂದನ್ನೇ ನಂಬಬೇಡಿ: ಬಲೆಯಲ್ಲಿ ಮುಳ್ಳು ಮುರಿದಿರಬಹುದು, ಮೀನುಗಾರರು ಬಾಲವನ್ನೇ ಕತ್ತರಿಸಿರಬಹುದು. ಆಗ ಬಾಲದ ಬುಡದ ಬಳಿಯ ಸೊಂಟದ ರೆಕ್ಕೆ ನೋಡಿ. ಸ್ಕೇಟ್‌ನಲ್ಲಿ ಅದು ಎರಡು ಹಾಲೆಗಳಾಗಿ ಸೀಳಿರುತ್ತದೆ, ತೊರಕೆಯಲ್ಲಿ ಒಂದೇ ಹಾಲೆ.

ನಿಜವಾದ ಸೊಗಸಿರುವುದು ಸಂತಾನದಲ್ಲಿ. ಸ್ಕೇಟ್ ಮೊಟ್ಟೆಯಿಡುತ್ತದೆ: ನಾಲ್ಕು ಮೂಲೆಗೂ ಕೊಂಬಿರುವ ಚರ್ಮದ ಚೀಲ, ಒಳಗೆ ಮರಿ ತಿಂಗಳುಗಟ್ಟಲೆ ಬೆಳೆಯುತ್ತದೆ. ತೊರಕೆ ಮರಿ ಹಾಕುತ್ತದೆ. ತಾಯಿಯ ಹೊಟ್ಟೆಯೊಳಗೇ ಮೊಟ್ಟೆಯ ಹಳದಿ ಭಂಡಾರ ತೀರಿದ ಮೇಲೆ ಗರ್ಭಕೋಶ ಸ್ರವಿಸುವ ಹಾಲಿನಂಥ ಪೌಷ್ಟಿಕ ದ್ರವವೇ ಮರಿಗೆ ಆಹಾರ.

ತೊರಕೆಯ ಮುಳ್ಳು ಚುಚ್ಚಿದರೆ ಗಾಯವನ್ನು ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಮುಳುಗಿಸಿಡಿ, ನೋವು ತಗ್ಗುತ್ತದೆ. ನೀರಿನ ಬಿಸಿಯನ್ನು ಗಾಯವಿಲ್ಲದ ಕೈಯಿಂದ ಪರೀಕ್ಷಿಸಿ. ಮುಳ್ಳಿನ ಚೂರು ಒಳಗುಳಿದು ಕೀವಾಗುವುದುಂಟು, ಹಾಗಾಗಿ ಆಸ್ಪತ್ರೆಗೆ ಹೋಗಲೇಬೇಕು. ಎದೆಗೋ ಹೊಟ್ಟೆಗೋ ಚುಚ್ಚಿ ನಿಂತ ಮುಳ್ಳನ್ನು ನೀವೇ ಕೀಳಬೇಡಿ.