ಹಸಿರು ಚುಕ್ಕಿ ಇಲಿಯೊಳಗೆ ಯಾಕೆ ಕಾಣಲ್ಲ?

ಸೀಸೆಯಲ್ಲಿ ಹಸಿರಾಗಿ ಹೊಳೆದ ಕ್ವಾಂಟಮ್ ಡಾಟ್ (ಬೆಳಕು ಬಿದ್ದಾಗ ತನ್ನದೇ ಬಣ್ಣದಲ್ಲಿ ಹೊಳೆಯುವ ಅತಿ ಸಣ್ಣ ಕಣ), ಪುಣೆಯ ನಿಮ್ಮ ಲ್ಯಾಬಿನ ಇಲಿಯ ಚರ್ಮದಡಿ ಹೋದ ಮೇಲೆ ಯಾಕೆ ಕಾಣ್ತಿಲ್ಲ ಅಂತ ಕೇಳಿದ್ದೀರಿ. ಡಾಟ್ ಕೆಟ್ಟಿರಲಿಕ್ಕಿಲ್ಲ. ಮೊಬೈಲ್ ಟಾರ್ಚಿಗೆ ಬೆರಳು ಒತ್ತಿ ನೋಡಿ, ಕೆಂಪು ಮಾತ್ರ ದಾಟಿ ಬರುತ್ತದೆ ಅಲ್ವಾ? ಹಸಿರನ್ನು ರಕ್ತದ ಹಿಮೋಗ್ಲೋಬಿನ್ ನುಂಗಿಬಿಡುತ್ತದೆ. ಸುಮಾರು 650ರಿಂದ 900 ನ್ಯಾನೋಮೀಟರ್ ತರಂಗಾಂತರದ ನಡುವೆ, ಅಂದರೆ ಕೆಂಪು ಮತ್ತು ಅದರಾಚೆಯ ಬೆಳಕಿನಲ್ಲಿ, ಹೊಳೆಯುವ ಡಾಟ್ ತಗೊಳ್ಳಿ. ಅಲ್ಲಿ ರಕ್ತವೂ ನೀರೂ ಬೆಳಕನ್ನು ಕಡಿಮೆ ಹೀರುತ್ತವೆ. ಡಾಟ್ ಮಾಡಲು ಬಳಸುವ ಕ್ಯಾಡ್ಮಿಯಂ ಸೆಲೆನೈಡಿನ ಕಣ ದೊಡ್ಡದಾದಷ್ಟೂ ಬಣ್ಣ ಕೆಂಪಿನತ್ತ ಸರಿಯುತ್ತದೆ ನಿಜ, ಆದರೆ ಅಷ್ಟು ದೂರ ಸುಲಭವಾಗಿ ಹೋಗುವುದಿಲ್ಲ. ನಾನಾದರೆ ಸಿಲ್ವರ್ ಸಲ್ಫೈಡಿನ ಡಾಟ್ ನೋಡುತ್ತೇನೆ, ಕ್ಯಾಡ್ಮಿಯಂ ವಿಷದ ತಲೆನೋವೂ ಇಲ್ಲ. ಯಾವುದೇ ಡಾಟ್ ಆಗಲಿ, ಮೇಲಿನ ಹೊದಿಕೆ ಸೇರಿ ಅದರ ಗಾತ್ರ ಸುಮಾರು 5.5 ನ್ಯಾನೋಮೀಟರ್ ದಾಟಿದರೆ ಮೂತ್ರದಲ್ಲಿ ಹೋಗುವುದು ಕಷ್ಟ, ಅಂಥ ಕಣಗಳು ಜಾಸ್ತಿ ಲಿವರಿನಲ್ಲೇ ಕೂರುತ್ತವೆ. ಅಂದ ಹಾಗೆ, ಇಲಿಗೆ ಸೊಪ್ಪು ಬೆರೆತ ಮೇವು ಹಾಕ್ತಿದ್ದರೆ ನಿಲ್ಲಿಸಿ. ಹೊಟ್ಟೆಯೊಳಗಿನ ಕ್ಲೋರೊಫಿಲ್ ಕೂಡ ಕೆಂಪಗೆ ಹೊಳೆದು ಸುಮ್ನೆ ಮೋಸ ಮಾಡುತ್ತದೆ.