ತೊರ್ಮೆಂತಾ, ತೆಂಪೊರಾಲ್, ಬೊರಾಸ್ಕಾ: ಮೂರೂ ಬಿರುಗಾಳಿಯೇ ಆದರೆ ವ್ಯತ್ಯಾಸವೇನು?

ಸ್ಪ್ಯಾನಿಷ್‌ನ ಈ ಮೂರು ಪದಗಳ ವ್ಯತ್ಯಾಸ ಕೇಳಿ, ಬಾಯಿಪಾಠ ಮಾಡಲು ಒಂದು ಪಟ್ಟಿ ಕೊಡಿ ಎಂದಿದ್ದೀರಿ. ಇಂಗ್ಲಿಷ್ ಅರ್ಥ ಬರೆದುಕೊಂಡ ಅಂಥದೇ ಪಟ್ಟಿ ಹಿಡಿದು ನಾನೂ ಸ್ಪೇನಿಗೆ ಹೋಗಿದ್ದೆ.

ಈಸ್ಟರ್ ರಜೆಗೆ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದರು. ಸೀಯೆಸ್ ದ್ವೀಪಗಳನ್ನು ತೋರಿಸೋಣವೆಂದು ವಿಗೊ ಬಂದರಿಗೆ ಕರೆದುಕೊಂಡು ಹೋದೆ. ಟಿಕೆಟ್ ಕಿಟಕಿಯ ಗಾಜಿಗೆ ಅಂಟಿಸಿದ್ದ ಹಾಳೆಯಲ್ಲಿ ‘ಸುಸ್ಪೆಂದಿದೊ ಪೋರ್ ತೆಂಪೊರಾಲ್’ ಎಂದಿತ್ತು. ದೋಣಿ ತಾತ್ಕಾಲಿಕವಾಗಿ ನಿಂತಿದೆ ಎಂದು ಓದಿಕೊಂಡೆ. ತೆಂಪೊರಾಲ್‌ಗೆ ‘ತಾತ್ಕಾಲಿಕ’ ಎಂಬ ಅರ್ಥವೂ ಇದೆ, ನಾನು ಬಿದ್ದಿದ್ದು ಅಲ್ಲೇ. ಆದರೆ ‘ಪೋರ್’ ಎಂದರೆ ಇಲ್ಲಿ ‘ಕಾರಣದಿಂದ’. ಅದರ ಪಕ್ಕದಲ್ಲಿ ನಿಂತಿರುವುದು ಗುಣವಾಚಕವಲ್ಲ, ನಾಮಪದ. ತಾತ್ಕಾಲಿಕವಾಗಿ ಎನ್ನಬೇಕಿದ್ದರೆ ‘ತೆಂಪೊರಾಲ್ಮೆಂತೆ’ ಎಂದು ಬರೆಯುತ್ತಿದ್ದರು. ಆ ಪುಟ್ಟ ‘ಪೋರ್’ ಅನ್ನು ಬಿಟ್ಟು ಓದಿದ್ದರಿಂದ ಅಮ್ಮನನ್ನು ಮೂರು ಗಂಟೆ ಬಂದರಿನ ಕಟ್ಟೆಯ ಮೇಲೆ ಕೂರಿಸಿದೆ. ಸೀರೆಯ ನೆರಿಗೆ ತೊಯ್ದು ಕಾಲಿಗೆ ಅಂಟಿಕೊಂಡಿತ್ತು. ಸಂಜೆಯ ರೈಲು ತಪ್ಪಿತು. ರಾತ್ರಿ ಅಮ್ಮನಿಗೆ ಜ್ವರ ಬಂತು.

ಕಟ್ಟೆಯ ಮೇಲೆ ಕುಳಿತಾಗಲೇ ಅಮ್ಮ ಹೇಳಿದ್ದರು: “ಗುಡುಗಿಲ್ಲ, ಮಿಂಚಿಲ್ಲ, ಗಾಳಿಯ ಜೊತೆ ಒಂದೇ ಸಮನೆ ಹೊಡೆಯುತ್ತಿದೆ. ನಮ್ಮ ಪುಷ್ಯ ಮಳೆಯ ಹಾಗೆ ಕಣೋ. ನಾಳೆಯೂ ಬಿಡುವುದಿಲ್ಲ.” ತೆಂಪೊರಾಲ್ ಎಂದರೆ ಅದೇ. ದಿನಗಟ್ಟಲೆ ಬಿಡದ ಮಳೆ ಗಾಳಿ, ಕಡಲಿನಲ್ಲಾದರೆ ಏಳುವ ಅಲೆಗಳೂ ಸೇರಿ. ಸ್ಪ್ಯಾನಿಷ್‌ನ ಒಂದಕ್ಷರ ಬಾರದ ಅಮ್ಮನಿಗೆ ಆಕಾಶ ನೋಡಿಯೇ ತಿಳಿದಿತ್ತು.

ತೊರ್ಮೆಂತಾ ಬೇರೆ. ಗುಡುಗು ಮಿಂಚಿನೊಡನೆ ಬಂದು ಸುರಿದು ಹೋಗುವ ನಮ್ಮ ಭರಣಿ ಮಳೆಯನ್ನು ನೆನೆಸಿಕೊಳ್ಳಿ. ಬೊರಾಸ್ಕಾ ಹವಾಮಾನ ನಕಾಶೆಯ ಮೇಲಿನ ವಾಯುಭಾರ ಕುಸಿತ. ಅದಕ್ಕೆ ಹೆಸರನ್ನೂ ಇಡುತ್ತಾರೆ, 2021ರ ಜನವರಿಯಲ್ಲಿ ಮ್ಯಾಡ್ರಿಡ್ ನಗರವನ್ನು ಹಿಮದಲ್ಲಿ ಹೂತ ಫಿಲೋಮೆನಾದ ಹಾಗೆ. ತೆಂಪೊರಾಲ್ ಅನೇಕ ಸಲ ಇಂಥ ಬೊರಾಸ್ಕಾ ತಂದದ್ದೇ.

ಆದ್ದರಿಂದ ಪಟ್ಟಿ ಬೇಡ, ನಡುವಿನ ಇಂಗ್ಲಿಷ್ ಅಂತೂ ಬೇಡವೇ ಬೇಡ. ಅಲ್ಲಿ ಮಿಂಚಿಗೂ ಸಿಡಿಲಿಗೂ ಸಾಮಾನ್ಯವಾಗಿ ‘ಲೈಟ್ನಿಂಗ್’ ಎಂದೇ ಹೇಳಿ ಮುಗಿಸುತ್ತಾರೆ. ಸ್ಪ್ಯಾನಿಷ್ ನಮ್ಮ ಹಾಗೆಯೇ ಬೇರೆ ಮಾಡುತ್ತದೆ. ದೂರದಲ್ಲಿ ಫಳ್ಳೆಂದು ಹೊಳೆಯುವುದು ರೆಲಾಂಪಾಗೊ, ಕೇಳಿಸುವುದು ತ್ರುವೆನೊ, ತೆಂಗಿನಮರ ಸೀಳುವುದು ರಾಯೊ.