ಬೇರೆ ದೇಶದಲ್ಲಿ ಐವಿಎಫ್ ಆರಂಭಿಸುವ ಮುನ್ನ ಯಾವ ಕಾಗದಪತ್ರವನ್ನು ಮೊದಲು ಮಾಡಿಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ನಿಮಗೆ ನಲವತ್ತೊಂದು ವರ್ಷ. ಬೇರೆ ದೇಶದ ಚಿಕಿತ್ಸಾಲಯವೊಂದರಲ್ಲಿ ದಾನಿಯ ಅಂಡಾಣು ಪಡೆದು ಐವಿಎಫ್ (ದೇಹದ ಹೊರಗೆ ಅಂಡಾಣು ಮತ್ತು ವೀರ್ಯ ಸೇರಿಸಿ ಭ್ರೂಣ ಬೆಳೆಸುವ ಚಿಕಿತ್ಸೆ) ಮಾಡಿಸಿಕೊಳ್ಳಬೇಕೆಂದು ನೀವೂ ನಿಮ್ಮ ಪತಿಯೂ ತೀರ್ಮಾನಿಸಿದ್ದೀರಿ. ಚಿಕಿತ್ಸಾಲಯದವರು ಕಳಿಸಿದ ಪಟ್ಟಿಯಲ್ಲಿ ರಕ್ತಪರೀಕ್ಷೆಯಿಂದ ಹಿಡಿದು ವಿವಾಹ ಪ್ರಮಾಣಪತ್ರದವರೆಗೆ ಎಲ್ಲವೂ ಇದೆ, ಎಲ್ಲಿಂದ ಶುರು ಮಾಡಬೇಕೆಂದು ತೋಚುತ್ತಿಲ್ಲ. ನಾನು ವೈದ್ಯೆಯಲ್ಲ, ವಕೀಲೆಯೂ ಅಲ್ಲ. ನಾನೂ ನನ್ನ ಪತಿಯೂ ಇದೇ ದಾರಿಯಲ್ಲಿ ಹೋಗಿಬಂದವರು. ಆಮೇಲೆ ಪರಿಚಿತ ದಂಪತಿಗಳ ಜೊತೆ ಕುಳಿತು ಅವರ ಕಡತ ಜೋಡಿಸಿಕೊಟ್ಟಿದ್ದೇನೆ. ನಾನು ಎಲ್ಲರಿಗೂ ಮೊದಲು ಹೇಳುವುದು ಇಷ್ಟೇ: ನಿಧಾನವಾಗಿ ಕೈಗೆ ಬರುವ ಕಾಗದಕ್ಕೆ ಮೊದಲು ಅರ್ಜಿ ಹಾಕಿ, ಬೇಗ ಅವಧಿ ಮುಗಿಯುವ ಕಾಗದವನ್ನು ಕೊನೆಗೆ ಮಾಡಿಸಿ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ರಕ್ತಪರೀಕ್ಷೆ ಸುಲಭ, ನಾಳೆಯೇ ಆಗುತ್ತದೆ, ಆದ್ದರಿಂದ ಅದನ್ನು ಮೊದಲು ಮುಗಿಸುತ್ತಾರೆ. ವಿವಾಹ ಪ್ರಮಾಣಪತ್ರಕ್ಕೆ ಮುದ್ರೆ ಬೀಳುವ ಹೊತ್ತಿಗೆ ಆ ಪರೀಕ್ಷೆಗಳ ಅವಧಿ ತೀರಿರುತ್ತದೆ.

ಕಾಗದಕ್ಕೂ ಮೊದಲು ಆ ದೇಶದ ಕಾನೂನು ನಿಮ್ಮನ್ನು ಒಪ್ಪುತ್ತದೆಯೇ ಎಂದು ನೋಡಿ. ಜರ್ಮನಿಯಲ್ಲಿ ಅಂಡಾಣು ದಾನಕ್ಕೇ ಅವಕಾಶವಿಲ್ಲ. ಝೆಕ್ ಗಣರಾಜ್ಯದಲ್ಲಿ ಮಹಿಳೆಗೆ 49 ವರ್ಷದ ಮಿತಿಯಿದೆ. ಅಲ್ಲಿ ಮದುವೆಯಾಗಿರಲೇಬೇಕೆಂದಿಲ್ಲ, ಆದರೆ ಗಂಡು ಹೆಣ್ಣಿನ ಜೋಡಿಯಾಗಿರಬೇಕು, ಇಬ್ಬರ ಲಿಖಿತ ಒಪ್ಪಿಗೆಯೂ ಬೇಕು. ಗ್ರೀಸ್ 2022ರಲ್ಲಿ ವಯೋಮಿತಿಯನ್ನು 50ರಿಂದ 54ಕ್ಕೆ ಏರಿಸಿತು. ಐವತ್ತು ದಾಟಿದವರು ಅಲ್ಲಿನ ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಪಡೆಯಬೇಕು. ಮದುವೆಯಾಗದ ಜೋಡಿ ಮತ್ತು ಒಂಟಿ ಮಹಿಳೆಯ ಸಮ್ಮತಿ ಅಲ್ಲಿ ನೋಟರಿಯ ಮುಂದೆಯೇ ಆಗಬೇಕು. ಸ್ಪೇನ್ ಒಂಟಿ ಮಹಿಳೆಗೂ ಚಿಕಿತ್ಸೆ ಕೊಡುತ್ತದೆ. ಒಂದೇ ಚಿಕಿತ್ಸೆಗೆ ದೇಶದಿಂದ ದೇಶಕ್ಕೆ ಕಡತ ಇಷ್ಟು ಬದಲಾಗುತ್ತದೆ. ಬೇರೆ ದೇಶಕ್ಕೆ ಹೋದವರ ಪಟ್ಟಿಯನ್ನು ದಯವಿಟ್ಟು ಹಾಗೆಯೇ ನಕಲು ಮಾಡಿಕೊಳ್ಳಬೇಡಿ.

ಚಿಕಿತ್ಸಾಲಯ ಕಳಿಸುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಇಲ್ಲದ ಒಂದು ವಿಷಯಕ್ಕೆ ಬರುತ್ತೇನೆ, ನನಗೆ ಅತಿ ಮುಖ್ಯವಾದದ್ದು ಇದೇ. ಹುಟ್ಟುವ ಮಗುವಿಗೆ ಕಾನೂನಿನ ಕಣ್ಣಲ್ಲಿ ತಾಯಿ ಯಾರು, ತಂದೆ ಯಾರು? ಇದನ್ನು ನಿರ್ಧರಿಸುವುದು ಚಿಕಿತ್ಸೆ ನಡೆದ ದೇಶವಷ್ಟೇ ಅಲ್ಲ, ನೀವು ಮಗುವನ್ನು ಬೆಳೆಸುವ ದೇಶವೂ ಹೌದು. ಬ್ರಿಟನ್ನಿನ ಉದಾಹರಣೆ ನೋಡಿ. ದಾನಿಯ ವೀರ್ಯದಿಂದ ಚಿಕಿತ್ಸೆ ಪಡೆಯುವ ಅವಿವಾಹಿತ ಜೋಡಿ ಅಲ್ಲಿನ ಪರವಾನಗಿ ಪಡೆದ ಚಿಕಿತ್ಸಾಲಯದಲ್ಲಿ ಮುಂಚಿತವಾಗಿ ನಿಗದಿತ ನಮೂನೆಗಳಿಗೆ ಸಹಿ ಹಾಕಿದರೆ, ಹೆರದ ಸಂಗಾತಿಯೂ ಹುಟ್ಟಿನಿಂದಲೇ ಕಾನೂನುಬದ್ಧ ಪೋಷಕರಾಗುತ್ತಾರೆ. ಅದೇ ಜೋಡಿ ಹೊರದೇಶದಲ್ಲಿ ಚಿಕಿತ್ಸೆ ಪಡೆದರೆ ಆ ನಮೂನೆಯ ದಾರಿ ಅವರಿಗಿಲ್ಲ. ಮದುವೆಯಾದವರಿಗೆ ನಿಯಮ ಬೇರೆ. ಕೆಲವು ದೇಶಗಳು ತಮ್ಮ ಪ್ರಜೆಗಳು ಹೊರಗೆ ಹೋಗಿ ಪಡೆಯುವ ಚಿಕಿತ್ಸೆಯ ಮೇಲೂ ಕಣ್ಣಿಟ್ಟಿವೆ. ಹೊರದೇಶದಲ್ಲಿ ಬಾಡಿಗೆ ತಾಯ್ತನದ ಮೂಲಕ ಮಗು ಪಡೆಯುವುದನ್ನೂ ಇಟಲಿ 2024ರಲ್ಲಿ ಅಪರಾಧವೆಂದು ಸಾರಿತು. ಆದ್ದರಿಂದ ನೀವು ನೆಲೆಸಿರುವ ದೇಶದ ಕೌಟುಂಬಿಕ ಕಾನೂನು ಬಲ್ಲ ವಕೀಲರೊಬ್ಬರನ್ನು ಒಮ್ಮೆ ಕಂಡು, ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆದುಕೊಳ್ಳಿ. ದಾನಿಯ ಗುರುತಿನ ವಿಷಯವನ್ನೂ ಅಲ್ಲೇ ಕೇಳಿ. ಸ್ಪೇನ್‌ನಲ್ಲಿ ದಾನಿ ಅನಾಮಿಕರಾಗಿಯೇ ಉಳಿಯುತ್ತಾರೆ. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ 1ರಿಂದ ನೋಂದಾಯಿಸಿಕೊಂಡ ದಾನಿಯ ಗುರುತನ್ನು ಮಗು 18 ತುಂಬಿದ ಮೇಲೆ ಕೇಳಿ ಪಡೆಯಬಹುದು. ಇದು ನಿಮ್ಮ ಮಗುವಿನ ಹಕ್ಕಿನ ಪ್ರಶ್ನೆ. ದೇಶ ಆಯ್ಕೆ ಮಾಡುವಾಗಲೇ ಯೋಚಿಸಬೇಕು, ಮುಂಗಡ ಕಟ್ಟಿದ ಮೇಲೆ ಅಲ್ಲ.

ಇನ್ನು ಮುದ್ರೆಯ ಕೆಲಸ. ವಿವಾಹ ಪ್ರಮಾಣಪತ್ರ, ಕೆಲವೆಡೆ ಜನನ ಪ್ರಮಾಣಪತ್ರ, ನೋಟರಿ ಮಾಡಿಸಿದ ಸಮ್ಮತಿ ಪತ್ರ, ಇವನ್ನು ಪರದೇಶ ಒಪ್ಪಬೇಕಾದರೆ ಅಪೋಸ್ಟಿಲ್ ಬೇಕಾಗಬಹುದು. 1961ರ ಹೇಗ್ ಒಪ್ಪಂದದಿಂದ ಬಂದ ವ್ಯವಸ್ಥೆ ಇದು. ಕಾಗದ ಕೊಟ್ಟ ದೇಶವೇ ಅದಕ್ಕೆ ಒಂದು ದೃಢೀಕರಣ ಲಗತ್ತಿಸುತ್ತದೆ, ಒಪ್ಪಂದದ ಉಳಿದ ದೇಶಗಳು ಅದನ್ನು ಮಾನ್ಯ ಮಾಡುತ್ತವೆ. ಒಪ್ಪಂದದಲ್ಲಿ ಇಲ್ಲದ ದೇಶವಾದರೆ ರಾಯಭಾರ ಕಚೇರಿಯ ಮೂಲಕ ದೃಢೀಕರಿಸಬೇಕು, ಅದು ಇನ್ನಷ್ಟು ಸಮಯ ತೆಗೆದುಕೊಳ್ಳುತ್ತದೆ. ಹಳೆಯ ಮಾಹಿತಿ ನಂಬಬೇಡಿ. ಚೀನಾಕ್ಕೆ ಈ ಒಪ್ಪಂದ ಅನ್ವಯವಾದದ್ದು 2023ರ ನವೆಂಬರ್‌ನಲ್ಲಿ, ಕೆನಡಾಕ್ಕೆ 2024ರ ಜನವರಿಯಲ್ಲಿ. ಕ್ರಮವೂ ಮುಖ್ಯ: ಮೊದಲು ನೋಂದಣಿ ಕಚೇರಿಯಿಂದ ಹೊಸ ಪ್ರತಿ, ಅದಕ್ಕೆ ಅಪೋಸ್ಟಿಲ್, ಆಮೇಲೆ ಭಾಷಾಂತರ. ಭಾಷಾಂತರವನ್ನು ಮೊದಲೇ ಮಾಡಿಸಿಬಿಟ್ಟರೆ ಅಪೋಸ್ಟಿಲ್ ಹಾಳೆ ಅದರಿಂದ ಹೊರಗೆ ಉಳಿಯುತ್ತದೆ. ಯಾವ ಭಾಷಾಂತರಕಾರರ ಸಹಿ ಅಲ್ಲಿ ನಡೆಯುತ್ತದೆ ಎಂಬುದನ್ನು ಚಿಕಿತ್ಸಾಲಯದವರನ್ನೇ ಕೇಳಿ. ಹಲವು ದೇಶಗಳಲ್ಲಿ ಪ್ರಮಾಣೀಕೃತ ಭಾಷಾಂತರಕಾರರದ್ದೇ ಆಗಬೇಕು.

ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ನಾವು ಒಂದು ಸಂಜೆ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿ, ಪಾಸ್‌ಪೋರ್ಟನ್ನು ಮಧ್ಯದಲ್ಲಿಟ್ಟು ನೋಡಿದೆವು. ಪಾಸ್‌ಪೋರ್ಟಿನಲ್ಲಿ ನನ್ನ ಪೂರ್ಣ ಹೆಸರಿತ್ತು. ಪ್ರಯೋಗಾಲಯದ ವರದಿಯಲ್ಲಿ ಮೊದಲ ಹೆಸರು ಮಾತ್ರ. ಹಳೆಯ ಶಸ್ತ್ರಚಿಕಿತ್ಸೆಯ ಸಾರಾಂಶದಲ್ಲಿ ಮದುವೆಗೆ ಮುಂಚಿನ ಹೆಸರು. ಓದುವ ನಮಗೆ ಮೂವರೂ ಒಬ್ಬಳೇ. ಪರದೇಶದ ಪ್ರಯೋಗಾಲಯದವರಿಗೆ ಹಾಗಲ್ಲ. ಅಂಡಾಣು, ವೀರ್ಯ, ಭ್ರೂಣಗಳ ಗುರುತು ತಪ್ಪದಂತೆ ಕಾಯುವುದು ಅವರ ಕರ್ತವ್ಯ, ಅನುಮಾನ ಬಂದ ಕಾಗದವನ್ನು ಅವರು ಪಕ್ಕಕ್ಕಿಟ್ಟರೆ ಅದು ನ್ಯಾಯವೇ. ರಕ್ತ ಕೊಡುವಾಗ ಪಾಸ್‌ಪೋರ್ಟ್ ತೋರಿಸಿ, ಅದರಲ್ಲಿರುವಂತೆಯೇ ಹೆಸರು, ಜನ್ಮದಿನ, ಸಾಧ್ಯವಾದರೆ ಪಾಸ್‌ಪೋರ್ಟ್ ಸಂಖ್ಯೆಯನ್ನೂ ಬರೆಸಿ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಸುವುದು ಒಳ್ಳೆಯದು. 03/04 ಎಂದರೆ ಕೆಲವರಿಗೆ ಏಪ್ರಿಲ್ 3, ಅಮೆರಿಕದ ರೂಢಿಯಲ್ಲಿ ಮಾರ್ಚ್ 4. ಅವಧಿ ಎಣಿಸುವ ಕಾಗದದಲ್ಲಿ ಒಂದು ತಿಂಗಳ ವ್ಯತ್ಯಾಸ ಸಣ್ಣದಲ್ಲ.

ವೈದ್ಯಕೀಯ ದಾಖಲೆಗಳಲ್ಲಿ ಸಾರಾಂಶಕ್ಕಿಂತ ಮೂಲ ವರದಿಗೆ ಬೆಲೆ ಹೆಚ್ಚು. ಹಿಂದೆ ಐವಿಎಫ್ ಮಾಡಿಸಿದ್ದರೆ 'ಚಿಕಿತ್ಸೆ ಫಲಿಸಲಿಲ್ಲ' ಎಂಬ ಒಂದು ಸಾಲಿನ ಪತ್ರದಿಂದ ಹೊಸ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಯಾವ ಚುಚ್ಚುಮದ್ದು, ದಿನಕ್ಕೆ ಎಷ್ಟು ಪ್ರಮಾಣ, ಎಷ್ಟು ಅಂಡಾಣು ಸಿಕ್ಕವು, ಅವುಗಳಲ್ಲಿ ಪಕ್ವವಾದವು ಎಷ್ಟು, ಫಲಿತವಾದವು ಎಷ್ಟು, ಭ್ರೂಣಗಳ ದರ್ಜೆ ಏನು, ಯಾವ ದಿನ ಗರ್ಭಾಶಯಕ್ಕೆ ಇಟ್ಟರು, ಆಗ ಗರ್ಭಾಶಯದ ಒಳಪದರ ಎಷ್ಟು ದಪ್ಪವಿತ್ತು, ಇವೆಲ್ಲ ಬೇಕು. ಪ್ರಯೋಗಾಲಯದ ಭ್ರೂಣ ದಾಖಲೆಯ ಹಾಳೆಯನ್ನು ಹೆಸರಿಟ್ಟು ಕೇಳಿ. ಅದು ನಿಮ್ಮದೇ ದೇಹದ ದಾಖಲೆ, ಕೇಳಲು ಸಂಕೋಚ ಬೇಡ. ದಾನಿಯ ಅಂಡಾಣುವಾದ್ದರಿಂದ ನಿಮ್ಮ ಗರ್ಭಾಶಯದ ಸ್ಕ್ಯಾನ್, ಹಿಸ್ಟೆರೋಸ್ಕೋಪಿ (ಸಣ್ಣ ಕ್ಯಾಮೆರಾದಿಂದ ಗರ್ಭಾಶಯದ ಒಳಗನ್ನು ನೋಡುವ ಪರೀಕ್ಷೆ) ಆಗಿದ್ದರೆ ಅದರ ವರದಿ, ಥೈರಾಯ್ಡ್, ರಕ್ತದ ಗುಂಪು, ರುಬೆಲ್ಲಾ ನಿರೋಧಕತೆ, ಗರ್ಭಕಂಠದ ಪ್ಯಾಪ್ ಪರೀಕ್ಷೆ, ನಿಮ್ಮ ಪತಿಯ ವೀರ್ಯ ಪರೀಕ್ಷೆ, ಇವು ಮುಂದೆ ಬರುತ್ತವೆ. ಮೊದಲ ಗರ್ಭವಾದರೆ ವಯಸ್ಸಿನ ಕಾರಣಕ್ಕೆ ಹೃದಯ ತಪಾಸಣೆ, ಮ್ಯಾಮೊಗ್ರಾಂ ಕೇಳುವವರೂ ಇದ್ದಾರೆ, ಬೇಸರಿಸಬೇಡಿ. ಸಂಖ್ಯೆಯ ಪಕ್ಕದ ಅಳತೆಯ ಘಟಕವನ್ನು ಅಳಿಸಿ ಭಾಷಾಂತರ ಮಾಡಿಸಲೇಬೇಡಿ. ಅಂಡಾಶಯದಲ್ಲಿ ಉಳಿದಿರುವ ಅಂಡಾಣುಗಳ ಅಂದಾಜು ಕೊಡುವ ಎಎಂಎಚ್ ಹಾರ್ಮೋನನ್ನು ಕೆಲವು ಪ್ರಯೋಗಾಲಯಗಳು ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದೂ, ಕೆಲವು ಲೀಟರಿಗೆ ಪಿಕೋಮೋಲ್ ಎಂದೂ ಬರೆಯುತ್ತವೆ. ಮೊದಲನೆಯದರ 1, ಎರಡನೆಯದರಲ್ಲಿ 7.14 ಆಗುತ್ತದೆ. ಘಟಕವಿಲ್ಲದ 7 ಎಂಬ ಅಂಕಿ ಒಬ್ಬ ವೈದ್ಯರಿಗೆ ತುಂಬಾ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ.

ಸೋಂಕು ಪರೀಕ್ಷೆಗಳನ್ನು ಕೊನೆಗೆ ಇಟ್ಟುಕೊಳ್ಳಿ ಎಂದೆ. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ದಂಪತಿಗಳು ತಮ್ಮದೇ ವೀರ್ಯ ಅಥವಾ ಅಂಡಾಣು ಬಳಸುವಾಗ ಎಚ್‌ಐವಿ 1 ಮತ್ತು 2, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಪರೀಕ್ಷೆ ಆಗಿರಬೇಕು. ಮೊದಲ ಸಂಗ್ರಹಕ್ಕೆ ಮುಂಚಿನ ಮೂರು ತಿಂಗಳೊಳಗೆ ರಕ್ತ ತೆಗೆದಿರಬೇಕು. ನಿಮ್ಮ ಪತಿಯ ವೀರ್ಯಕ್ಕೂ ಇದೇ ಲೆಕ್ಕ. ಇಲ್ಲಿ ಒಂದು ಸೂಕ್ಷ್ಮವಿದೆ. ಹೆಪಟೈಟಿಸ್ ಬಿಗೆ ಎರಡು ಪರೀಕ್ಷೆ ಬೇಕು, ಮೇಲ್ಮೈ ಪ್ರತಿಜನಕದ್ದೊಂದು (HBsAg), ಕೋರ್ ಪ್ರತಿಕಾಯದ್ದೊಂದು (anti-HBc). ಬರಿಯ 'ಹೆಪಟೈಟಿಸ್ ಬಿ' ಎಂದು ಚೀಟಿಯಲ್ಲಿ ಬರೆದರೆ ಪ್ರಯೋಗಾಲಯ ಮೊದಲನೆಯದನ್ನಷ್ಟೇ ಮಾಡಿ ಕಳಿಸಬಹುದು. ಎರಡರ ಹೆಸರನ್ನೂ ಬರೆಸಿ. ಸಿಫಿಲಿಸ್ ಪರೀಕ್ಷೆಯನ್ನೂ ಬಹಳ ಕಡೆ ಕೇಳುತ್ತಾರೆ, ಅದೇ ರಕ್ತದಲ್ಲಿ ಆಗಿಹೋಗಲಿ.

ಸಮ್ಮತಿ ಪತ್ರಗಳ ಖಾಲಿ ನಮೂನೆಯನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೊರಡುವ ಮೊದಲೇ ತರಿಸಿಕೊಂಡು, ಇಬ್ಬರೂ ಮನೆಯಲ್ಲಿ ಕುಳಿತು ಓದಿ. ಉಳಿದ ಭ್ರೂಣಗಳನ್ನು ಎಷ್ಟು ವರ್ಷ ಶೈತ್ಯೀಕರಿಸಿ ಇಡುತ್ತಾರೆ, ಶುಲ್ಕ ಕಟ್ಟದಿದ್ದರೆ ಏನಾಗುತ್ತದೆ, ನೀವಿಬ್ಬರೂ ಬೇರೆಯಾದರೆ ಅಥವಾ ಒಬ್ಬರು ತೀರಿಕೊಂಡರೆ ಅವುಗಳ ಗತಿಯೇನು ಎಂದು ಅದರಲ್ಲಿ ಕೇಳಿರುತ್ತಾರೆ. ಕಷ್ಟದ ಪ್ರಶ್ನೆಗಳಿವು. ಆಸ್ಪತ್ರೆಯ ಕುರ್ಚಿಯಲ್ಲಿ, ಹೊರಗೆ ಇನ್ನೊಂದು ಜೋಡಿ ಕಾಯುತ್ತಿರುವಾಗ ಇವಕ್ಕೆ ಉತ್ತರ ಬರೆಯುವ ಪಾಡು ನಿಮಗೆ ಬರದಿರಲಿ. ನಾವು ಒಂದೊಂದು ಪ್ರಶ್ನೆಯನ್ನೂ ಮಾತಾಡಿ ಮುಗಿಸಲು ಬಹಳ ಹೊತ್ತು ಹಿಡಿಯಿತು, ಆ ಹೊತ್ತು ನಮಗೆ ಬೇಕಿತ್ತು. ನಿಮ್ಮ ಪತಿ ಎಲ್ಲ ಭೇಟಿಗೂ ಬರಲಾಗದಿದ್ದರೆ ಅವರ ಸಮ್ಮತಿಯನ್ನು ಯಾರ ಮುಂದೆ ಸಹಿ ಮಾಡಿಸಬೇಕು, ಅವರ ವೀರ್ಯವನ್ನು ಮುಂಚಿತವಾಗಿ ಶೈತ್ಯೀಕರಿಸಿ ಇಡಬಹುದೇ ಎಂಬುದನ್ನು ಈಗಲೇ ಕೇಳಿ.

ವೀಸಾ ಬೇಕಾದವರು ಚಿಕಿತ್ಸಾಲಯದಿಂದ ಚಿಕಿತ್ಸೆಯ ಉದ್ದೇಶ, ಅಂದಾಜು ದಿನಾಂಕ, ವೆಚ್ಚ ಬರೆದ ಪತ್ರ ಪಡೆದು ಅದೇ ಉದ್ದೇಶಕ್ಕೆ ಅರ್ಜಿ ಹಾಕಬೇಕು. ಪ್ರವಾಸವೆಂದು ಬರೆದು ಚಿಕಿತ್ಸೆಗೆ ಹೋಗಬೇಡಿ. ಮುಟ್ಟಿನ ದಿನ, ಒಳಪದರದ ಬೆಳವಣಿಗೆ ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲವಾದ್ದರಿಂದ ಹಲವು ಬಾರಿ ಪ್ರವೇಶಿಸಬಹುದಾದ ವೀಸಾ ಕೇಳಿ. ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಯಾವುದೇ 180 ದಿನಗಳಲ್ಲಿ 90 ದಿನ ಮೀರಿ ಇರುವಂತಿಲ್ಲ ಎಂಬುದು ನೆನಪಿರಲಿ. ಪ್ರವಾಸ ವಿಮೆ ಸಾಮಾನ್ಯವಾಗಿ ಮೊದಲೇ ನಿಗದಿಯಾದ ಚಿಕಿತ್ಸೆಯನ್ನೂ ಅದರ ತೊಡಕುಗಳನ್ನೂ ಭರಿಸುವುದಿಲ್ಲ, ಪತ್ರದ ಸಣ್ಣ ಅಕ್ಷರಗಳನ್ನು ಓದಿ. ಔಷಧ ಒಯ್ಯುವುದಾದರೆ ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಲಿ. ತಂಪಿನಲ್ಲಿಡಬೇಕಾದದ್ದಿದ್ದರೆ ಅದು ಕೈಚೀಲದಲ್ಲಿ ಬರಬೇಕೆಂಬ ಪತ್ರವೂ ಬೇರೆಯಾಗಿ ಇರಲಿ.

ಇವತ್ತು ನೀವು ಮಾಡಬಹುದಾದ ಕೆಲಸ ಒಂದಿದೆ. ಚಿಕಿತ್ಸಾಲಯಕ್ಕೆ ಒಂದು ಮಿಂಚಂಚೆ ಬರೆದು, ಪಟ್ಟಿಯ ಪ್ರತಿ ಕಾಗದಕ್ಕೂ ನಾಲ್ಕು ಸಂಗತಿ ಕೇಳಿ: ಮೂಲ ಪ್ರತಿ ಬೇಕೋ ನಕಲು ಸಾಕೋ, ಅಪೋಸ್ಟಿಲ್ ಬೇಕೇ, ಯಾವ ಭಾಷೆಯಲ್ಲಿರಬೇಕು, ಎಷ್ಟು ಹಳೆಯದಾಗಿರಬಹುದು ಮತ್ತು ಆ ಅವಧಿಯನ್ನು ಯಾವ ದಿನದಿಂದ ಎಣಿಸುತ್ತಾರೆ. ಉತ್ತರ ಬರಹದಲ್ಲೇ ಬರಲಿ. ಅದು ಬಂದ ಮೇಲೆ ಹೋಗುವ ದೇಶ ಯಾವುದು, ನಿಮ್ಮ ಮದುವೆ ಯಾವ ದೇಶದಲ್ಲಿ ನೋಂದಣಿಯಾಗಿದೆ ಎಂಬುದನ್ನು ಇಲ್ಲಿ ತಿಳಿಸಿ. ಯಾವ ಕಾಗದಕ್ಕೆ ಯಾವ ವಾರ ಅರ್ಜಿ ಹಾಕಬೇಕೆಂದು ನಾನು ಜೊತೆಗಿದ್ದು ಜೋಡಿಸಿಕೊಡುತ್ತೇನೆ.